ಬೋಟ್ ಎಂಜಿನ್‌ಗೆ ಸೂಪರ್‌ಚಾರ್ಜರ್ ಹಾಕಬೇಕಾ? ದುಡ್ಡು ಕೊಡುವ ಮೊದಲು ಹೋಲಿಸಿ ನೋಡಿ

ಕಳೆದ ಮಾರ್ಚ್ ಕೊನೆಯ ವಾರ. ಕಾಫಿ ಕೊಯ್ಲು, ಒಣಗಿಸೋದು, ಮೂಟೆ ಕಟ್ಟೋದು ಎಲ್ಲ ಮುಗಿದಿತ್ತು. ಕೊಡಗಿನ ಸಿದ್ದಾಪುರದ ನಮ್ಮ ಭಾವ ಜೀಪ್ ಸರ್ವಿಸ್ ಮಾಡಿಸಲು ಕುಶಾಲನಗರದ ನನ್ನ ಗ್ಯಾರೇಜಿಗೆ ಬಂದರು. ನಾನು ಬಾನೆಟ್ ಎತ್ತುವಷ್ಟರಲ್ಲಿ ಅವರು ಮೊಬೈಲ್ ತೆಗೆದು ಒಂದು ವಿಡಿಯೋ ಹಿಡಿದರು. ವಿ8 (ಎಂಟು ಸಿಲಿಂಡರಿನ) ಎಂಜಿನ್ ಮೇಲೆ ಹೊಳೆಯುವ ಸೂಪರ್‌ಚಾರ್ಜರ್, ಅಂದರೆ ಎಂಜಿನ್ ಒಳಗೆ ಹೆಚ್ಚು ಗಾಳಿ ತುರುಕುವ ಪಂಪ್, ಕೂತಿದೆ. ಬೋಟ್ ನೀರು ಮುಟ್ಟಿಯೂ ಮುಟ್ಟದ ಹಾಗೆ ಓಡುತ್ತಿದೆ.

"ನಮ್ಮ ಬೋಟಿಗೂ ಇಂಥದ್ದೊಂದು ಹಾಕೋಣ್ವಾ ಮಾರಾಯಾ? ನಿಂಗೆ ಗೊತ್ತಿರೋ ಕೆಲಸ ಅಲ್ವಾ?"

ಗೊತ್ತಿರುವ ಕೆಲಸವೇ. ಊರಿಗೆ ಬಂದು ಗ್ಯಾರೇಜ್ ಹಾಕುವ ಮೊದಲು 11 ವರ್ಷ ಶಾರ್ಜಾದ ಒಂದು ಬೋಟ್ ಎಂಜಿನ್ ವರ್ಕ್‌ಶಾಪಿನಲ್ಲಿ ದುಡಿದಿದ್ದೇನೆ. ಸೂಪರ್‌ಚಾರ್ಜರ್ ಕೂರಿಸಿದ್ದೇನೆ, ಅದರಿಂದ ಹಾಳಾದ ಎಂಜಿನ್ ಬಿಚ್ಚಿಯೂ ಇದ್ದೇನೆ. ಅದಕ್ಕೇ ತಕ್ಷಣ ಹೂಂ ಅನ್ನಲಿಲ್ಲ. "ಭಾವ, ನಾಳೆ ಬನ್ನಿ, ಕೂತು ಲೆಕ್ಕ ಹಾಕೋಣ" ಅಂದೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಂಗಳೂರು, ಮಲ್ಪೆ ಕಡೆ ಬೋಟ್ ಇಟ್ಟಿರುವವರಿಗೆ, ಗಲ್ಫ್‌ನಲ್ಲಿ ಹಳೆ ಬೋಟ್ ಕೊಂಡು ತಲೆ ಕೆಡಿಸಿಕೊಂಡಿರುವ ನಮ್ಮೂರ ಹುಡುಗರಿಗೆ ಉಪಯೋಗ ಆದೀತು.

ಭಾವ ಮತ್ತು ಇಬ್ಬರು ಗೆಳೆಯರು ಸೇರಿ ಕೊಂಡ ಬೋಟ್ ಅದು. 22 ಅಡಿ ಉದ್ದ, ಮಂಗಳೂರಿನಲ್ಲಿ ಇದೆ. 5.7 ಲೀಟರಿನ ವಿ8 ಪೆಟ್ರೋಲ್ ಎಂಜಿನ್, 300 ಎಚ್‌ಪಿ. ಪೂರ್ತಿ ಥ್ರಾಟಲ್ ಕೊಟ್ಟರೆ ಜಿಪಿಎಸ್‌ನಲ್ಲಿ ಗಂಟೆಗೆ 80 ಕಿ.ಮೀ. ತೋರಿಸುತ್ತಿತ್ತು. ವರ್ಷಕ್ಕೆ ಓಡುವುದು ಹೆಚ್ಚೆಂದರೆ 40 ಗಂಟೆ. ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಸಿಗುವ ವಾರಾಂತ್ಯಗಳಷ್ಟೇ. ಈ ವಿವರ ಎಲ್ಲ ಯಾಕೆ ಅಂದರೆ, ಸೂಪರ್‌ಚಾರ್ಜರ್ ಬೇಕಾ ಬೇಡವಾ ಅನ್ನೋದನ್ನು ತೀರ್ಮಾನಿಸುವುದು ಇಂಥ ಅಂಕಿಗಳೇ. ವಿಡಿಯೋ ಅಲ್ಲ.

ಇಳಿಜಾರು ಕಾಣದ ಗಾಡಿ

ಕೊಡಗಿನವರಿಗೆ ಗಾಡಿ ಹುಚ್ಚು ಜಾಸ್ತಿ. ತೋಟದ ನಡುವೆ ಆಟೋಕ್ರಾಸ್ ನಡೆದರೆ ಊರಿಗೆ ಊರೇ ಸೇರುತ್ತದೆ. ಟರ್ಬೊ (ಎಂಜಿನ್ ಹೊಗೆಯ ಬಲದಿಂದ ತಿರುಗಿ ಗಾಳಿ ತುರುಕುವ ಪಂಪ್) ಹಾಕಿದ ಜಿಪ್ಸಿ, ಎಂಜಿನ್ ಬದಲಿಸಿದ ಜೀಪ್ ನಮಗೆ ಹೊಸದಲ್ಲ. ಹಾಗಾಗಿ "ಜೀಪಿಗೆ ಆಗೋದು ಬೋಟಿಗೆ ಯಾಕೆ ಆಗಲ್ಲ?" ಅನ್ನುವ ಪ್ರಶ್ನೆ ಬರುವುದು ಸಹಜ.

ವ್ಯತ್ಯಾಸ ಇರೋದು ಇಲ್ಲಿ. ಜೀಪಿನ ಎಂಜಿನ್ ಪೂರ್ತಿ ಶಕ್ತಿ ಕೊಡುವುದು ಕೆಲವೇ ಸೆಕೆಂಡು. ತಿರುವು ಬಂದರೆ ಆಕ್ಸಿಲರೇಟರ್ ಬಿಡುತ್ತೇವೆ, ಇಳಿಜಾರಿನಲ್ಲಿ ಎಂಜಿನ್ ಉಸಿರು ಬಿಡುತ್ತದೆ. ಬೋಟಿಗೆ ಆ ಪುಣ್ಯ ಇಲ್ಲ. ನೀರು ಯಾವಾಗಲೂ ಹಿಡಿದು ಎಳೆಯುತ್ತಲೇ ಇರುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವುದನ್ನು ನೆನಪಿಸಿಕೊಳ್ಳಿ. ಗಾಡಿ ತುಂಬ ಲೋಡ್, ಎರಡನೇ ಗೇರ್, ಆಕ್ಸಿಲರೇಟರ್ ಪೂರ್ತಿ ಕೆಳಗೆ. ಮಡಿಕೇರಿ ಬರುವುದೇ ಇಲ್ಲ, ಘಾಟಿ ಮುಗಿಯುವುದೇ ಇಲ್ಲ ಅಂತ ಇಟ್ಟುಕೊಳ್ಳಿ. ಬೋಟ್ ಎಂಜಿನ್‌ನ ದಿನನಿತ್ಯದ ಬದುಕು ಅದು.

ಕಾರಿನಲ್ಲಿ ಹತ್ತು ಸೆಕೆಂಡಿನ ಬೂಸ್ಟ್ (ತುರುಕಿದ ಗಾಳಿಯ ಹೆಚ್ಚುವರಿ ಒತ್ತಡ) ತಡೆದುಕೊಳ್ಳುವ ಪಿಸ್ಟನ್, ಬೋಟಿನಲ್ಲಿ ಹತ್ತು ನಿಮಿಷ ತಡೆಯಬೇಕು. ಕಾರಿನ ಅನುಭವ ಇಟ್ಟುಕೊಂಡು ಬೋಟಿಗೆ ಸೂಪರ್‌ಚಾರ್ಜರ್ ಹಾಕುವವರು ಎಡವುವುದು ಇಲ್ಲೇ. ನಾನು ನೋಡಿದ ಹಾಳಾದ ಎಂಜಿನ್‌ಗಳಲ್ಲಿ ಹೆಚ್ಚಿನವು ಸಣ್ಣ ಓಟದಲ್ಲಿ ಚೆನ್ನಾಗಿದ್ದು, ಉದ್ದ ಓಟದಲ್ಲಿ ಕೈಕೊಟ್ಟವು.

ಎಷ್ಟು ಶಕ್ತಿ ಬರುತ್ತದೆ, ಎಷ್ಟು ವೇಗ ಸಿಗುತ್ತದೆ

ಎರಡೂ ಒಂದೇ ಅಲ್ಲ. ಮೊದಲು ಶಕ್ತಿ ನೋಡೋಣ.

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ. ಸಾದಾ ಎಂಜಿನ್ ಅಷ್ಟನ್ನು ಮಾತ್ರ ಎಳೆದುಕೊಳ್ಳುತ್ತದೆ. ಸೂಪರ್‌ಚಾರ್ಜರ್ ಅದರ ಮೇಲೆ 6 ಪಿಎಸ್‌ಐ ತುರುಕಿತು ಅಂತ ಇಟ್ಟುಕೊಳ್ಳಿ. ಒತ್ತಡ ಶೇ 41ರಷ್ಟು ಜಾಸ್ತಿ ಆಯಿತು. ಹಾಗಾದರೆ ಶಕ್ತಿಯೂ ಶೇ 41 ಜಾಸ್ತಿ ಅಲ್ವಾ? ಅಲ್ಲ. ಗಾಳಿಯನ್ನು ಒತ್ತಿದರೆ ಬಿಸಿ ಆಗುತ್ತದೆ. ಸೈಕಲ್ ಪಂಪ್ ಹೊಡೆದು ಅದರ ತುದಿ ಮುಟ್ಟಿದವರಿಗೆ ಗೊತ್ತು. 30 ಡಿಗ್ರಿಯಲ್ಲಿ ಒಳಗೆ ಹೋದ ಗಾಳಿ ಹೊರಗೆ ಬರುವಾಗ 80 ಡಿಗ್ರಿ ಆಸುಪಾಸು ಇರುತ್ತದೆ. ಬಿಸಿ ಗಾಳಿ ತೆಳು. ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ನೀರಿನಿಂದ ತಣಿಸುವ ಸಾಧನ) ಇಲ್ಲದಿದ್ದರೆ ಸಿಲಿಂಡರ್ ಒಳಗೆ ನಿಜವಾಗಿ ಹೆಚ್ಚುವ ಗಾಳಿ ಶೇ 20ರಿಂದ 22 ಅಷ್ಟೇ. ಒಳ್ಳೆ ಇಂಟರ್‌ಕೂಲರ್ ಹಾಕಿ 45 ಡಿಗ್ರಿಗೆ ಇಳಿಸಿದರೆ ಶೇ 34ರವರೆಗೆ ಹೋಗಬಹುದು. ಇದರಲ್ಲಿ ಸೂಪರ್‌ಚಾರ್ಜರ್ ತನ್ನ ಬೆಲ್ಟ್ ತಿರುಗಿಸಲು 20 ಎಚ್‌ಪಿ ಅಥವಾ ಅದಕ್ಕೂ ಜಾಸ್ತಿ ತಾನೇ ತಿನ್ನುತ್ತದೆ.

ಎಲ್ಲ ಚೆನ್ನಾಗಿ ಕೂತು 300 ಎಚ್‌ಪಿ ಎಂಜಿನ್ 400 ಆಯಿತು ಅನ್ನೋಣ. ಈಗ ವೇಗ. ನೀರಿನ ಮೇಲೆ ತೇಲಿ ಓಡುವ ಬೋಟುಗಳಲ್ಲಿ ವೇಗ ಹೆಚ್ಚುವುದು ಶಕ್ತಿಯ ವರ್ಗಮೂಲದ ಲೆಕ್ಕದಲ್ಲಿ. ಬೋಟ್ ಕಟ್ಟುವವರು ಬಹಳ ಕಾಲದಿಂದ ಬಳಸುವ ಅಂದಾಜು ಸೂತ್ರ ಇದು. ಶಕ್ತಿ ಮೂರನೇ ಒಂದು ಪಾಲು ಜಾಸ್ತಿ ಆದರೆ ವೇಗ ಶೇ 15ರಷ್ಟು ಏರುತ್ತದೆ. 80 ಕಿ.ಮೀ. ಓಡುತ್ತಿದ್ದ ಭಾವನ ಬೋಟ್ 92 ಓಡುತ್ತದೆ.

ನೂರು ಎಚ್‌ಪಿಗೆ ಹನ್ನೆರಡು ಕಿಲೋಮೀಟರ್. ಭಾವ ಪೆನ್ ಕೆಳಗಿಟ್ಟು "ಅಷ್ಟೇನಾ?" ಅಂದರು.

ಅಷ್ಟೇ. ಅದೇ ಸೂತ್ರದಲ್ಲಿ ಇನ್ನೊಂದು ಮಾತೂ ಇದೆ. ಬೋಟಿನ ತೂಕ ಶೇ 10 ಕಮ್ಮಿ ಮಾಡಿದರೆ ವೇಗ ಶೇ 5ರಷ್ಟು ಏರುತ್ತದೆ. ಅದಕ್ಕೆ ಪೆಟ್ರೋಲ್ ಬೇಡ, ಬೆಲ್ಟ್ ಬೇಡ.

ಪೆಟ್ರೋಲ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಎಂಜಿನ್ ಪ್ರತಿ 100 ಎಚ್‌ಪಿಗೆ ಗಂಟೆಗೆ ಸುಮಾರು 38 ಲೀಟರ್ ಕುಡಿಯುತ್ತದೆ. 300 ಎಚ್‌ಪಿಗೆ ಸುಮಾರು 115 ಲೀಟರ್, 400ಕ್ಕೆ 150 ದಾಟುತ್ತದೆ. ಬೂಸ್ಟ್ ಇರುವ ಎಂಜಿನ್‌ಗೆ ಪಿಸ್ಟನ್ ತಂಪಾಗಿರಲಿ ಅಂತ ಪೆಟ್ರೋಲಿನ ಪಾಲನ್ನು ಇನ್ನಷ್ಟು ಹೆಚ್ಚಿಸಿ ಕೊಡಬೇಕಾಗುತ್ತದೆ. ಹಾಗಾಗಿ ನಿಜವಾದ ಖರ್ಚು ಇದಕ್ಕೂ ಮೇಲೆ.

ಕಂಪನಿಗಳು ಏನು ಮಾಡಿದವು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಅಭಿಪ್ರಾಯ ಗಟ್ಟಿಯಾಗಿದ್ದು ಇದನ್ನು ನೋಡಿಯೇ.

ಮರ್ಕ್ಯುರಿ ಕಂಪನಿ 2004ರಲ್ಲಿ ವೆರಾಡೊ ಅನ್ನುವ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಡೆ ಕಟ್ಟುವ) ಎಂಜಿನ್ ತಂದಿತು. 2.6 ಲೀಟರ್, ಸಾಲಾಗಿ ಆರು ಸಿಲಿಂಡರ್, ಕಾರ್ಖಾನೆಯಿಂದಲೇ ಸೂಪರ್‌ಚಾರ್ಜರ್. ಸಣ್ಣ ಎಂಜಿನ್‌ನಿಂದ ದೊಡ್ಡ ಶಕ್ತಿ. ಒಳ್ಳೆ ಎಂಜಿನ್, ನಾನು ಕೈಯಾರೆ ಕೆಲಸ ಮಾಡಿದ್ದೇನೆ. ಹದಿನಾಲ್ಕು ವರ್ಷ ಆದ ಮೇಲೆ, 2018ರಲ್ಲಿ, ಅದೇ ಕಂಪನಿ 4.6 ಲೀಟರಿನ ವಿ8 ತಂದಿತು. 300 ಎಚ್‌ಪಿ, ಸೂಪರ್‌ಚಾರ್ಜರ್ ಇಲ್ಲ. ತೂಕ 239 ಕೆ.ಜಿ. ಹಳೆಯ ಸೂಪರ್‌ಚಾರ್ಜರ್ ಇದ್ದ 300 ಎಚ್‌ಪಿ ವೆರಾಡೊ ತೂಗುತ್ತಿದ್ದದ್ದು 288 ಕೆ.ಜಿ. ಅಂದರೆ ಎಂಜಿನ್ ಒಳಗಿನ ಜಾಗ ದೊಡ್ಡದಾಗಿಯೂ ತೂಕ ಸುಮಾರು 50 ಕೆ.ಜಿ. ಇಳಿಯಿತು. ಹಳೆಯದಕ್ಕೆ ದುಬಾರಿ ಪೆಟ್ರೋಲ್ ಬೇಕಿತ್ತು, ಹೊಸದು ಸಾದಾ ಪೆಟ್ರೋಲಿನಲ್ಲಿ ಓಡುತ್ತದೆ. 2021ರಲ್ಲಿ 7.6 ಲೀಟರಿನ ವಿ12 ಬಂತು, 600 ಎಚ್‌ಪಿ. ಅದಕ್ಕೂ ಸೂಪರ್‌ಚಾರ್ಜರ್ ಇಲ್ಲ. 2022ರಲ್ಲಿ 5.7 ಲೀಟರಿನ ವಿ10 ಬಂತು, 350 ಮತ್ತು 400 ಎಚ್‌ಪಿ. ಅದೂ ಸಾದಾ.

ಸೂಪರ್‌ಚಾರ್ಜರ್ ಬಗ್ಗೆ ಚೆನ್ನಾಗಿ ತಿಳಿದಿದ್ದ ಕಂಪನಿಯೇ ಸಾಮಾನ್ಯ ಬಳಕೆಯ ಔಟ್‌ಬೋರ್ಡ್‌ಗಳಲ್ಲಿ ಅದನ್ನು ಬಿಟ್ಟು ದೊಡ್ಡ ಎಂಜಿನ್ ಕಡೆ ಹೋಯಿತು. ಅದೇ ಮರ್ಕ್ಯುರಿಯ ರೇಸಿಂಗ್ ವಿಭಾಗ 1,350 ಎಚ್‌ಪಿ ಬೇಕಾದಾಗ 9 ಲೀಟರಿನ ವಿ8ಗೆ ಎರಡು ಟರ್ಬೊ ಹಾಕಿತು. ಅಲ್ಲಿ ಬ್ಲಾಕ್, ಪಿಸ್ಟನ್, ಕೂಲಿಂಗ್ ಎಲ್ಲವನ್ನೂ ಮೊದಲಿನಿಂದಲೇ ಅದಕ್ಕಾಗಿ ಮಾಡಿದ್ದಾರೆ. ಸಾದಾ ಎಂಜಿನ್ ಮೇಲೆ ಆಮೇಲೆ ಕೂರಿಸಿದ್ದಲ್ಲ.

ಇನ್ನೊಂದು ಉದಾಹರಣೆ ಹುಡುಗರಿಗೆ ಇಷ್ಟ ಆಗಬಹುದು. 2018ರ ನವೆಂಬರ್‌ನಲ್ಲಿ ಆಂಧ್ರದ ಅಮರಾವತಿಯಲ್ಲಿ, ಕೃಷ್ಣಾ ನದಿಯ ಮೇಲೆ, ಫಾರ್ಮುಲಾ 1 ಪವರ್‌ಬೋಟ್ ರೇಸ್ ನಡೆಯಿತು. ಆ ಬೋಟುಗಳು ಗಂಟೆಗೆ 200 ಕಿ.ಮೀ. ದಾಟುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಇರುವುದು 2.5 ಲೀಟರಿನ ಟೂ ಸ್ಟ್ರೋಕ್ ವಿ6, ಸುಮಾರು 400 ಎಚ್‌ಪಿ. ಸೂಪರ್‌ಚಾರ್ಜರೂ ಇಲ್ಲ, ಟರ್ಬೊನೂ ಇಲ್ಲ. ಬೋಟಿನ ತೂಕವೇ 400 ಕೆ.ಜಿ. ಆಸುಪಾಸು. ನಮ್ಮ ಭಾವನ ಬೋಟ್ ಲೆಕ್ಕ ಹಾಕಿದ 400 ಎಚ್‌ಪಿಗೆ 92 ಓಡುತ್ತದೆ, ಅದು 200 ದಾಟುತ್ತದೆ. ತೂಕ ಮತ್ತು ತಳದ ಆಕಾರ ಮಾಡುವ ಕೆಲಸ ಅದು.

ಇರುವ ದಾರಿಗಳು

ಒಂದು, ಎಂಜಿನ್ ಮುಟ್ಟದೆ ಪ್ರೊಪೆಲ್ಲರ್ ಸರಿ ಮಾಡಿಸುವುದು. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ, ನನಗೆ ಬೇಜಾರಾಗುವುದು ಅದಕ್ಕೇ. ಪ್ರತಿ ಎಂಜಿನ್‌ಗೂ ಪೂರ್ತಿ ಥ್ರಾಟಲ್‌ನಲ್ಲಿ ಮುಟ್ಟಬೇಕಾದ ಆರ್‌ಪಿಎಂ ಮಿತಿ ಇರುತ್ತದೆ, ಪುಸ್ತಕದಲ್ಲಿ ಬರೆದಿರುತ್ತಾರೆ. ಅದಕ್ಕಿಂತ ಕಮ್ಮಿ ಬರುತ್ತಿದ್ದರೆ ಎಂಜಿನ್ ಉಸಿರು ಕಟ್ಟಿ ಎಳೆಯುತ್ತಿದೆ ಅಂತ ಅರ್ಥ. ಪ್ರೊಪೆಲ್ಲರ್ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸರಿಯುವ ದೂರ, ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. ಇದಕ್ಕೆ ಆಗುವ ಖರ್ಚು ಸೂಪರ್‌ಚಾರ್ಜರ್ ಕಿಟ್ಟಿನ ಪಕ್ಕದಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಎರಡು, ದೊಡ್ಡ ಎಂಜಿನ್. 5.7 ತೆಗೆದು 8 ಲೀಟರ್ ಹಾಕುವುದು. ದುಡ್ಡು ಒಮ್ಮೆಗೆ ಜಾಸ್ತಿ. ತೂಕವೂ ಜಾಸ್ತಿ, ಬೋಟಿನ ಹಿಂಭಾಗ ಅದನ್ನು ಹೊರಬೇಕು. ಆದರೆ ಆಮೇಲೆ ತಲೆನೋವು ಕಮ್ಮಿ. ಎಲ್ಲ ಆರ್‌ಪಿಎಂನಲ್ಲೂ ಶಕ್ತಿ ಒಂದೇ ಹದದಲ್ಲಿ ಬರುತ್ತದೆ. ಬೋಟಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗುವವರಿಗೆ ನಾನು ಹೇಳುವುದು ಇದನ್ನೇ.

ಮೂರು, ಟರ್ಬೊ. ಡೀಸೆಲ್ ಬೋಟ್ ಎಂಜಿನ್‌ಗಳಲ್ಲಿ ಇದು ಸಾಮಾನ್ಯ. ಪೆಟ್ರೋಲ್ ಬೋಟಿಗೆ ಹೊರಗಿನಿಂದ ಟರ್ಬೊ ಕೂರಿಸುವುದು ಕಷ್ಟದ ಕೆಲಸ. ಟರ್ಬೊ ಕೆಂಪಗೆ ಕಾಯುತ್ತದೆ, ಮುಚ್ಚಿದ ಎಂಜಿನ್ ಗೂಡಿನಲ್ಲಿ ಅದನ್ನು ಹಾಗೇ ಬಿಡುವಂತಿಲ್ಲ. ಸುತ್ತ ನೀರಿನ ಜಾಕೆಟ್ ಬೇಕು. ಕಾರಿನ ಟರ್ಬೊ ತಂದು ಹಾಕುತ್ತೇನೆ ಅಂದರೆ ನಾನು ಆ ಬೋಟ್ ಹತ್ತುವುದಿಲ್ಲ.

ನಾಲ್ಕು, ಸೂಪರ್‌ಚಾರ್ಜರ್. ಇದರಲ್ಲೇ ಎರಡು ಜಾತಿ ಇದೆ ಅಂತ ತಿಳಿದುಕೊಂಡರೆ ಸಾಕು. ರೂಟ್ಸ್ ಮತ್ತು ಟ್ವಿನ್ ಸ್ಕ್ರೂ ಒಂದು ಕಡೆ, ಸೆಂಟ್ರಿಫ್ಯೂಗಲ್ ಇನ್ನೊಂದು ಕಡೆ. ಮೊದಲಿನವು ಎಂಜಿನ್ ತಲೆ ಮೇಲೆ ಕೂರುತ್ತವೆ, ಕಡಿಮೆ ಆರ್‌ಪಿಎಂನಲ್ಲೇ ಗಾಳಿ ತುರುಕುತ್ತವೆ. ಬೋಟ್ ನಿಂತಲ್ಲಿಂದ ಹೊರಡುವಾಗ ಮೂತಿ ಮೇಲೆತ್ತಿ, ಹಿಂಭಾಗ ಮುಳುಗಿಸಿ, ನೀರನ್ನು ತಳ್ಳುತ್ತಾ ಒದ್ದಾಡುತ್ತದಲ್ಲ, ಆ ಹೊತ್ತಿನಲ್ಲಿ ಇದು ಕೈಹಿಡಿಯುತ್ತದೆ. ಲೋಡ್ ಜಾಸ್ತಿ ಇರುವವರಿಗೆ, ಸ್ಕೀ ಎಳೆಯುವವರಿಗೆ ಇದು. ಆದರೆ ಎತ್ತರ ಜಾಸ್ತಿ, ಎಂಜಿನ್ ಮುಚ್ಚಳ ಹಾಕಲು ಜಾಗ ಇದೆಯಾ ಅಂತ ಟೇಪ್ ಹಿಡಿದು ಅಳೆಯಿರಿ. ವಿಪಲ್ ಕಂಪನಿಯ ಟ್ವಿನ್ ಸ್ಕ್ರೂ ಬೋಟುಗಳಲ್ಲಿ ಹೆಸರು ಮಾಡಿದೆ. ಸೆಂಟ್ರಿಫ್ಯೂಗಲ್ ಎಂಜಿನ್ ಮುಂದೆ ಕೂರುತ್ತದೆ, ಹಾಕಲು ಸುಲಭ, ಗಾಳಿ ಬಿಸಿ ಆಗುವುದೂ ಕಮ್ಮಿ. ಪ್ರೊಚಾರ್ಜರ್ ಈ ಜಾತಿಯದು. ಆರ್‌ಪಿಎಂ ಏರಿದಂತೆ ಬೂಸ್ಟ್ ಏರುತ್ತದೆ, ಕೆಳಗೆ ಹೆಚ್ಚೇನೂ ಸಿಗುವುದಿಲ್ಲ. ಟಾಪ್ ಸ್ಪೀಡ್ ಒಂದೇ ಬೇಕು ಅನ್ನುವವರಿಗೆ ಸರಿ.

ಟರ್ಬೊ, ಸೂಪರ್‌ಚಾರ್ಜರ್ ಎರಡನ್ನೂ ಸೇರಿಸಿದವರೂ ಇದ್ದಾರೆ. ವೋಲ್ವೊ ಪೆಂಟಾದ ಕೆಎಡಿ ಡೀಸೆಲ್ ಎಂಜಿನ್‌ಗಳಲ್ಲಿ ಕೆಳಗಿನ ಆರ್‌ಪಿಎಂಗೆ ಬೆಲ್ಟಿನ ಸೂಪರ್‌ಚಾರ್ಜರ್, ಮೇಲಿನದಕ್ಕೆ ಟರ್ಬೊ. ಬೋಟ್ ನೀರಿನ ಮೇಲೆ ಏರಿದ ಮೇಲೆ ಕ್ಲಚ್ ಬಿಟ್ಟು ಸೂಪರ್‌ಚಾರ್ಜರ್ ನಿಂತುಬಿಡುತ್ತದೆ. ಬೇಕಾದ ಹೊತ್ತಿಗೆ ಮಾತ್ರ ದುಡಿದು ಆಮೇಲೆ ಸುಮ್ಮನಾಗುವ ಏರ್ಪಾಡು. ಸೂಪರ್‌ಚಾರ್ಜರ್ ಬಳಸುವ ಜಾಣತನ ಅಂದರೆ ನನಗೆ ಈಗಲೂ ನೆನಪಾಗುವುದು ಆ ಎಂಜಿನ್.

ಪ್ಲಗ್ ಮೇಲಿನ ಚುಕ್ಕೆ

ಶಾರ್ಜಾದಲ್ಲಿ ನಡೆದದ್ದು. ಸೂಪರ್‌ಚಾರ್ಜರ್ ಹಾಕಿದ ವಿ8 ಬೋಟ್, ಚೆನ್ನಾಗಿ ಓಡುತ್ತಿತ್ತು. ಮಾಲೀಕರಿಗೆ ಇನ್ನೂ ಸ್ವಲ್ಪ ಬೇಕಿತ್ತು. ಸಣ್ಣ ಪುಲ್ಲಿ ಹಾಕಿದರೆ ಸೂಪರ್‌ಚಾರ್ಜರ್ ಇನ್ನೂ ಜೋರಾಗಿ ತಿರುಗುತ್ತದೆ, ಬೂಸ್ಟ್ ಏರುತ್ತದೆ. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ, ಪುಲ್ಲಿ ಬದಲಿಸಿಕೊಟ್ಟೆ. ಎರಡು ವಾರದಲ್ಲಿ ಬೋಟನ್ನು ಇನ್ನೊಂದು ಬೋಟಿಗೆ ಕಟ್ಟಿ ಎಳೆದುಕೊಂಡು ಬಂದರು.

ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕೆ. ಬೆಳಕಿಗೆ ಹಿಡಿದು ನೋಡಿದರೆ ಕೆಲವು ಚುಕ್ಕೆ ಹೊಳೆಯುತ್ತಿದ್ದವು. ಉಗುರಿನಿಂದ ಕೆರೆದರೂ ಬರಲಿಲ್ಲ. ಅದು ಮಸಿ ಅಲ್ಲ, ಅಲ್ಯುಮಿನಿಯಂ. ಪಿಸ್ಟನ್ ಕರಗಿ ಪ್ಲಗ್ಗಿಗೆ ಹಾರಿತ್ತು. ಹೆಡ್ ತೆಗೆದಾಗ ಪಿಸ್ಟನ್ ಅಂಚನ್ನು ಇಲಿ ಕಡಿದ ಹಾಗಿತ್ತು. ನಾಕಿಂಗ್ ಆಗಿದೆ, ಎಂಜಿನ್ ಮತ್ತು ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಲ್ಲ. ಆವತ್ತಿನಿಂದ ಬೂಸ್ಟ್ ಇರುವ ಯಾವ ಎಂಜಿನ್ ಬಂದರೂ ಮೊದಲು ಎಂಟೂ ಪ್ಲಗ್ ಬಿಚ್ಚಿ ಬಿಳಿ ಬಟ್ಟೆ ಮೇಲೆ ಸಾಲಾಗಿ ಇಡುತ್ತೇನೆ.

ನಾಕಿಂಗ್ ಅಂದರೆ ಪೆಟ್ರೋಲ್ ಬೆಂಕಿ ಹದವಾಗಿ ಹರಡುವ ಬದಲು ಒಮ್ಮೆಗೇ ಸಿಡಿಯುವುದು. ಒತ್ತಡ ಜಾಸ್ತಿ, ಬಿಸಿ ಜಾಸ್ತಿ, ಪೆಟ್ರೋಲಿನ ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಂಕಿ) ಕಮ್ಮಿ, ಮೂರೂ ಸೇರಿದರೆ ಇದು ಖಂಡಿತ. ಸಾದಾ ಎಂಜಿನ್‌ನಲ್ಲಿ ಕಂಪ್ರೆಷನ್ (ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) 9 ಅಥವಾ 10ಕ್ಕೆ 1 ಇರುತ್ತದೆ. ಬೂಸ್ಟ್ ಕೊಡುವುದಾದರೆ 8ರ ಹತ್ತಿರ ಇಳಿಸಿ, ಫೋರ್ಜ್ ಮಾಡಿದ, ಅಂದರೆ ಬಡಿದು ಗಟ್ಟಿ ಮಾಡಿದ, ಪಿಸ್ಟನ್ ಹಾಕುವುದು ಸರಿಯಾದ ದಾರಿ. ಅಂದರೆ ಕಿಟ್ ದುಡ್ಡಿನ ಜೊತೆಗೆ ಎಂಜಿನ್ ಬಿಚ್ಚುವ ದುಡ್ಡೂ ಸೇರಿತು.

ಪೆಟ್ರೋಲ್ ವಿಷಯ, ಅದರಲ್ಲೂ ನಮ್ಮ ಮಳೆ

ಅಮೆರಿಕದ ಕಿಟ್ ಪುಸ್ತಕದಲ್ಲಿ "91 ಆಕ್ಟೇನ್ ಬೇಕು" ಅಂತ ಇರುತ್ತದೆ. ಕೆಲವು ವರ್ಷ ಹಿಂದಿನವರೆಗೆ ನಮ್ಮ ಬಂಕ್‌ನ ಸಾದಾ ಪೆಟ್ರೋಲೂ 91 ಇತ್ತು, ಹಾಗಾದರೆ ಸರಿಹೋಯಿತು ಅಂದುಕೊಳ್ಳುತ್ತಿದ್ದರು. ಇಲ್ಲೇ ದೊಡ್ಡ ತಪ್ಪು ಆಗುತ್ತಿದ್ದದ್ದು. ಅವರು ಅಳೆಯುವ ರೀತಿ ಬೇರೆ, ನಮ್ಮದು ಬೇರೆ. ಅವರ 91 ಅಂದರೆ ನಮ್ಮ ಲೆಕ್ಕದಲ್ಲಿ 95, 96 ಆಗುತ್ತದೆ. ಅವರ 87 ನಮ್ಮ 91ಕ್ಕೆ ಹತ್ತಿರ. ಈ ಒಂದು ಸಾಲು ನೆನಪಿಟ್ಟುಕೊಂಡರೆ ಒಂದು ಎಂಜಿನ್ ಉಳಿಯಬಹುದು.

ಇನ್ನು ಎಥೆನಾಲ್. ಈಗ ಬಂಕ್‌ನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಹೆಚ್ಚಿನ ಬೋಟ್ ಎಂಜಿನ್ ಪುಸ್ತಕಗಳು ಶೇ 10ಕ್ಕಿಂತ ಮೇಲೆ ಬೇಡ ಅನ್ನುತ್ತವೆ. ಎಥೆನಾಲ್ ಜಾಸ್ತಿ ಆದರೆ ಅದೇ ಗಾಳಿಗೆ ಇನ್ನೂ ಹೆಚ್ಚು ಪೆಟ್ರೋಲ್ ಬೇಕು. ಟ್ಯೂನಿಂಗ್ ಬದಲಿಸದಿದ್ದರೆ ಮಿಶ್ರಣ ತೆಳುವಾಗುತ್ತದೆ. ಸಾದಾ ಎಂಜಿನ್ ಇದನ್ನು ಸ್ವಲ್ಪ ಮಟ್ಟಿಗೆ ತಡೆದುಕೊಂಡೀತು. ಬೂಸ್ಟ್ ಇರುವ ಎಂಜಿನ್‌ನಲ್ಲಿ ತೆಳು ಮಿಶ್ರಣ ಅಂದರೆ ಪಿಸ್ಟನ್ ಸುಟ್ಟಿತು ಅಂತಲೇ ಲೆಕ್ಕ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋಟ್ ಮೇಲೆತ್ತಿ ಇಡುತ್ತಾರೆ. ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಕೂತಿರುತ್ತದೆ. ಒಂದು ಮಳೆಗಾಲ ಮುಗಿದ ಮೇಲೆ ಒಂದು ಬೋಟಿನ ಟ್ಯಾಂಕ್ ತಳದಿಂದ ಗಾಜಿನ ಬಾಟಲಿಗೆ ಪೆಟ್ರೋಲ್ ಎಳೆದು ಕಿಟಕಿ ಮೇಲಿಟ್ಟೆ. ಅರ್ಧ ಗಂಟೆಯಲ್ಲಿ ಬಾಟಲಿ ಎರಡು ಬಣ್ಣ ಆಯಿತು. ಮೇಲೆ ಹಳದಿ, ಕೆಳಗೆ ಎರಡು ಬೆರಳಿನಷ್ಟು ಮಬ್ಬು ನೀರು. ಟ್ಯಾಂಕ್ ಮುಚ್ಚಳದ ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟಿತ್ತು, ಮಳೆ ನೀರು ಇಳಿದಿತ್ತು. ನೀರು ಸಾಕಷ್ಟು ಸೇರಿದಾಗ ಎಥೆನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಕೆಳಗೆ ಹೋಗುತ್ತದೆ. ಆಕ್ಟೇನ್ ಕೊಡುತ್ತಿದ್ದ ಎಥೆನಾಲ್ ಹೋದ ಮೇಲೆ ಮೇಲೆ ಉಳಿದದ್ದು ಬಡ ಪೆಟ್ರೋಲ್. ಅದನ್ನು ಸೂಪರ್‌ಚಾರ್ಜರ್ ಎಂಜಿನ್‌ಗೆ ಕೊಟ್ಟರೆ ಮತ್ತೆ ಪ್ಲಗ್ ಮೇಲಿನ ಚುಕ್ಕೆಯ ಕಥೆಯೇ. ಸೂಪರ್‌ಚಾರ್ಜರ್ ಹಾಕುವವರು ಮಳೆಗಾಲಕ್ಕೆ ಮೊದಲು ಟ್ಯಾಂಕ್ ಖಾಲಿ ಮಾಡಿ, ಅಕ್ಟೋಬರ್‌ನಲ್ಲಿ ಹೊಸ ಪೆಟ್ರೋಲ್ ಹಾಕಿ. ಉಳಿತಾಯ ಅಂತ ಹಳೆಯದನ್ನು ಬಳಸಬೇಡಿ.

ಎಂಜಿನ್ ಆಚೆಗೆ

ಸ್ಟರ್ನ್ ಡ್ರೈವ್‌ಗೂ, ಅಂದರೆ ಎಂಜಿನ್ ಶಕ್ತಿಯನ್ನು ಪ್ರೊಪೆಲ್ಲರ್‌ಗೆ ತಲುಪಿಸುವ ಹಿಂಬದಿಯ ಗೇರ್ ಘಟಕಕ್ಕೂ, ಮಿತಿ ಇದೆ. ಮರ್‌ಕ್ರೂಸರ್‌ನ ಆಲ್ಫಾ ಡ್ರೈವ್ ಸುಮಾರು 300 ಎಚ್‌ಪಿವರೆಗೆ. 400 ಕೊಟ್ಟರೆ ಒಳಗಿನ ಗೇರ್ ಹಲ್ಲು ಕೆಲವೇ ದಿನ. ಬ್ರಾವೊ ಡ್ರೈವ್‌ಗೆ ಹೋಗಬೇಕು, ಅದು ಇನ್ನೊಂದು ದೊಡ್ಡ ಖರ್ಚು. ಬೋಟಿನ ಮೇಲೆ ಗರಿಷ್ಠ ಎಚ್‌ಪಿ ಬರೆದ ತಗಡು ಇದ್ದರೆ ಅದನ್ನು ಓದಿ. ನೋಂದಣಿ ಮತ್ತು ವಿಮೆಯವರಿಗೆ ಬದಲಾವಣೆ ಮೊದಲೇ ತಿಳಿಸಿ.

ಬೆಂಕಿಯ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಜೀಪಿನಲ್ಲಿ ಸೋರಿದರೆ ಕೆಳಗೆ ಹರಿದು ಹೋಗುತ್ತದೆ. ಬೋಟಿನಲ್ಲಿ ತಳದಲ್ಲೇ ಮಡುಗಟ್ಟುತ್ತದೆ, ಒಂದು ಕಿಡಿ ಸಾಕು. ಅದಕ್ಕೇ ಬೋಟ್ ಎಂಜಿನ್‌ನ ಗಾಳಿ ಬಾಯಿಗೆ ಬೆಂಕಿ ತಡೆಯುವ ಫ್ಲೇಮ್ ಅರೆಸ್ಟರ್ ಇರುತ್ತದೆ, ಸ್ಟಾರ್ಟರ್, ಆಲ್ಟರ್ನೇಟರ್ ಎಲ್ಲ ಕಿಡಿ ಹೊರಬರದ ಹಾಗೆ ಮುಚ್ಚಿರುತ್ತವೆ. ಕಾರಿನ ಕಿಟ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು, ಫ್ಲೇಮ್ ಅರೆಸ್ಟರ್ ತೆಗೆದು ಕಾರಿನ ಏರ್ ಫಿಲ್ಟರ್ ಹಾಕಿದ ಬೋಟ್ ನಾನೇ ನೋಡಿದ್ದೇನೆ. ಕೀಲಿ ಕೈಗೆ ತೆಗೆದುಕೊಳ್ಳದೆ ವಾಪಸ್ ಕಳಿಸಿದೆವು. ಬೋಟ್‌ಗೆಂದೇ ಮಾಡಿದ ಕಿಟ್ ಮಾತ್ರ ತನ್ನಿ. ಎಂಜಿನ್ ಶುರು ಮಾಡುವ ಮೊದಲು ಕನಿಷ್ಠ 4 ನಿಮಿಷ ಬ್ಲೋವರ್ (ಎಂಜಿನ್ ಗೂಡಿನ ಆವಿ ಹೊರಹಾಕುವ ಫ್ಯಾನ್) ಓಡಿಸಿ.

ಹಾಗಾದರೆ ಯಾವಾಗ ಹಾಕಬಹುದು

ಎತ್ತರದ ಜಾಗ ಒಂದು. ಎತ್ತರ ಏರಿದಂತೆ ಗಾಳಿ ತೆಳುವಾಗುತ್ತದೆ, ಸಾದಾ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3 ಶಕ್ತಿ ಕಳೆದುಕೊಳ್ಳುತ್ತದೆ. ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ. ಮಂಗಳೂರಿನಲ್ಲಿ 300 ಎಚ್‌ಪಿ ಕೊಡುವ ಎಂಜಿನ್ ಅಲ್ಲಿ 275ರ ಹತ್ತಿರ ಇಳಿಯುತ್ತದೆ. ಇಷ್ಟಕ್ಕೆ ಸೂಪರ್‌ಚಾರ್ಜರ್ ಬೇಡ, ಪಿಚ್ ಕಮ್ಮಿ ಇರುವ ಪ್ರೊಪೆಲ್ಲರ್ ಸಾಕು. ಆದರೆ ಲಡಾಖಿನ ಪ್ಯಾಂಗಾಂಗ್ ಸರೋವರ 4,200 ಮೀಟರಿಗೂ ಮೇಲೆ, ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇ 60ರಷ್ಟು. ಅಂಥ ಕಡೆ ಕೆಲಸ ಮಾಡಿ ಬಂದವರು ಕೊಡಗಿನಲ್ಲಿ ಮನೆ ಮನೆಯಲ್ಲಿ ಇದ್ದಾರೆ, ಎಂಜಿನ್ ಉಸಿರಾಡಲು ಒದ್ದಾಡುವುದನ್ನು ಕಣ್ಣಾರೆ ಕಂಡವರು. ಅಲ್ಲಿ ಗಾಳಿ ತುರುಕುವ ಏರ್ಪಾಡಿಗೆ ನಿಜವಾದ ಅರ್ಥ ಇದೆ.

ಎರಡನೆಯದು, ಎಂಜಿನ್ ಜಾಗ ಚಿಕ್ಕದು, ದೊಡ್ಡ ಎಂಜಿನ್ ಹಿಡಿಯುವುದೇ ಇಲ್ಲ ಅನ್ನುವಾಗ. ಜೆಟ್ ಸ್ಕೀ ಇದಕ್ಕೆ ಉದಾಹರಣೆ. ಕವಾಸಾಕಿ, ಸೀ-ಡೂ ಎಲ್ಲ ಒಂದೂವರೆ ಲೀಟರ್ ಆಸುಪಾಸಿನ ಎಂಜಿನ್‌ನಿಂದ 300 ಎಚ್‌ಪಿ ತೆಗೆಯುವುದು ಸೂಪರ್‌ಚಾರ್ಜರ್‌ನಿಂದಲೇ. ಕಾರ್ಖಾನೆಯಲ್ಲೇ ಹಾಕಿದ್ದು, ಬೇಕಾದ ಗಟ್ಟಿತನ ಒಳಗೇ ಇರುತ್ತದೆ. ಹಳೆ ಸೀ-ಡೂ ಕೊಳ್ಳುವವರು ಮಾತ್ರ ಒಂದು ವಿಷಯ ವಿಚಾರಿಸಿ. ಮೊದಲ ವರ್ಷಗಳ ಸೂಪರ್‌ಚಾರ್ಜರ್ ಒಳಗೆ ಸೆರಾಮಿಕ್ ವಾಷರ್ ಇತ್ತು. ಅದು ಒಡೆದು ಚೂರು ಎಂಜಿನ್ ಆಯಿಲ್‌ಗೆ ಸೇರಿದ ಪ್ರಸಂಗ ಬಹಳ. ಲೋಹದ ವಾಷರ್‌ಗೆ ಬದಲಿಸಿದ್ದಾರಾ, ರಸೀದಿ ಇದೆಯಾ ಅಂತ ಕೇಳಿ.

ಮೂರನೆಯದು, ಎಂಜಿನ್ ಹೇಗೂ ಬಿಚ್ಚಲಿದ್ದೀರಿ, ಪಿಸ್ಟನ್ ಹೇಗೂ ಹೊಸದು ಹಾಕಲಿದ್ದೀರಿ ಅನ್ನುವಾಗ.

ಬೇಡವೇ ಬೇಡ ಅನ್ನುವ ಜಾಗವೂ ಒಂದಿದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ನಮ್ಮಲ್ಲಿ ನೀರು ಏರಿದಾಗ ಕರಡಿಗೋಡು, ನೆಲ್ಯಹುದಿಕೇರಿ, ಕುಶಾಲನಗರದ ಬಡಾವಣೆಗಳಲ್ಲಿ ಜನರನ್ನು ಬೋಟಿನಲ್ಲಿ ಹೊರಗೆ ತಂದರು. ಆಮೇಲೆ ಒಬ್ಬ ಹುಡುಗ, "ಅಣ್ಣ, ರಕ್ಷಣೆಯ ಬೋಟಿನ ಎಂಜಿನ್‌ಗೆ ಪವರ್ ಜಾಸ್ತಿ ಮಾಡೋಕೆ ಆಗಲ್ವಾ?" ಅಂತ ಕೇಳಿದ. ಅವನ ಕಾಳಜಿ ನನಗೆ ಅರ್ಥ ಆಗುತ್ತದೆ. ಆದರೆ ಕೆಸರು, ಕಸ, ಮುರಿದ ಕೊಂಬೆ ತುಂಬಿದ ಆ ನೀರಿನಲ್ಲಿ ಬೇಕಾಗಿರುವುದು ಮೊದಲ ಎಳೆತಕ್ಕೇ ಶುರುವಾಗುವ ಎಂಜಿನ್. ಇಂಟರ್‌ಕೂಲರ್ ಇದ್ದರೆ ಆ ಕೆಸರು ಹತ್ತು ನಿಮಿಷದಲ್ಲಿ ಅದನ್ನು ಕಟ್ಟಿಬಿಡುತ್ತದೆ.

ಭಾವನ ಬೋಟ್ ಏನಾಯಿತು

ಏಪ್ರಿಲ್ ಮೊದಲ ಭಾನುವಾರ ಇಬ್ಬರೂ ಮಂಗಳೂರಿಗೆ ಇಳಿದೆವು. ಕಂಪ್ರೆಷನ್ ಗೇಜ್ ಹಾಕಿ ಎಂಟೂ ಸಿಲಿಂಡರ್ ನೋಡಿದೆ. ಏಳರಲ್ಲಿ 155ರಿಂದ 160 ಪಿಎಸ್‌ಐ. ಆರನೆಯದರಲ್ಲಿ 125. ಎಂಟರ ನಡುವೆ ಶೇ 10, ಹೆಚ್ಚೆಂದರೆ 15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಗೇಜ್ ಭಾವನ ಕೈಗೆ ಕೊಟ್ಟು ಅವರಿಂದಲೇ ಇನ್ನೊಮ್ಮೆ ನೋಡಿಸಿದೆ. ಮತ್ತೆ 125. ಆ ಎಂಜಿನ್‌ಗೆ ಬೂಸ್ಟ್ ಕೊಡುವ ಮಾತು ಅಲ್ಲಿಗೆ ನಿಂತಿತು.

ಉಳಿದದ್ದನ್ನು ಮಾಡಿದೆವು. ಪೂರ್ತಿ ಥ್ರಾಟಲ್‌ನಲ್ಲಿ 4,400 ಆರ್‌ಪಿಎಂ ಮಾತ್ರ ಬರುತ್ತಿತ್ತು, ಪುಸ್ತಕ 4,600ರಿಂದ 5,000 ಅನ್ನುತ್ತದೆ. ತಳಕ್ಕೆ ಅಂಟಿದ ಚಿಪ್ಪು, ಪಾಚಿ ಕೆರೆದೆವು. ಒಳಗಿದ್ದ ಬೇಡದ ಸಾಮಾನು ಇಳಿಸಿದೆವು. ಎರಡು ಲಂಗರು, ತುಕ್ಕು ಹಿಡಿದ ಸರಪಳಿ, ನೀರು ಕುಡಿದು ಭಾರವಾದ ಸೀಟಿನ ಸ್ಪಂಜ್. ಮಳೆಗಾಲದಲ್ಲಿ 21 ಇಂಚಿನ ಪಿಚ್ ತೆಗೆದು 19ರ ಪ್ರೊಪೆಲ್ಲರ್ ತರಿಸಿದೆವು. ಅಕ್ಟೋಬರ್‌ನಲ್ಲಿ ನೀರಿಗೆ ಇಳಿಸಿದಾಗ 4,800 ಆರ್‌ಪಿಎಂ, 87 ಕಿ.ಮೀ. ಆರು ಜನ ಕೂತರೂ ಬೋಟ್ ಒದ್ದಾಡದೆ ಎದ್ದಿತು. ಭಾವ ಜಿಪಿಎಸ್ ನೋಡುತ್ತಲೇ ಇದ್ದರು, ಏನೂ ಹೇಳಲಿಲ್ಲ, ಸ್ಟಿಯರಿಂಗ್ ನನ್ನ ಕೈಗೆ ಕೊಟ್ಟರು.

ಈಗ ಕೊಯ್ಲು ಶುರುವಾಗಿದೆ. ಮುಗಿದ ಮೇಲೆ ಎಂಜಿನ್ ಮೇಲಕ್ಕೆ ತಂದು ಬಿಚ್ಚುತ್ತೇವೆ, ಆರನೇ ಸಿಲಿಂಡರಿಗೆ ಏನಾಗಿದೆ ಅಂತ ನೋಡಬೇಕು. ವಾಲ್ವ್ ಮಾತ್ರ ಆದರೆ ಹೆಡ್ ಕೆಲಸ ಮಾಡಿಸಿ ಹಾಗೇ ಇಡುತ್ತೇವೆ. ಪಿಸ್ಟನ್ ಬದಲಿಸಬೇಕಾಗಿ ಬಂದರೆ, ಆರ್ಡರ್ ಕೊಡುವ ಮೊದಲು ಭಾವ ಇನ್ನೊಮ್ಮೆ ಆ ವಿಡಿಯೋ ತೋರಿಸುತ್ತಾರೆ ಅಂತ ನನಗೆ ಗೊತ್ತು. ಆಗ ಡ್ರೈವ್‌ನ ಖರ್ಚನ್ನೂ ಸೇರಿಸಿ ಇನ್ನೊಂದು ಸಲ ಲೆಕ್ಕ ಹಾಕಲು ಕೂರುತ್ತೇವೆ.